ಗೇಮ್ ಕನ್ಸೋಲೋ, ಬ್ಲೂ-ರೇ ಪ್ಲೇಯರೋ? ಮೊದಲು ಮನೆಯ ಡಿಸ್ಕುಗಳನ್ನು ಮೇಜಿನ ಮೇಲೆ ಹರಡಿ

ಸೋಮವಾರಪೇಟೆಯಲ್ಲಿ ಹದಿನಾಲ್ಕು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು ನಾನು. ಹೆಸರಿಗೆ ಕ್ಯಾಸೆಟ್ ಅಂಗಡಿ, ಕೊನೆ ಕೊನೆಗೆ ಒಳಗಿದ್ದದ್ದೆಲ್ಲ ಸಿಡಿ, ಡಿವಿಡಿಗಳೇ. ಈಗ ಅಂಗಡಿ ಇಲ್ಲ. ಮೂರು ಎಕರೆ ಕಾಫಿ, ಒಂದಿಷ್ಟು ಮೆಣಸಿನ ಬಳ್ಳಿ ನೋಡಿಕೊಂಡಿದ್ದೇನೆ. ಆದರೂ ಸಂತೆಯಲ್ಲಿ ಸಿಕ್ಕವರು ಬಿಡುವುದಿಲ್ಲ. "ಅಣ್ಣ, ದೊಡ್ಡ ಟಿವಿ ತಂದಾಯ್ತು. ಡಿಸ್ಕ್ ಹಾಕೋಕೆ ಪ್ಲೇಯರ್ ತಗೊಳ್ಳೋದಾ, ಇಲ್ಲ ಮಕ್ಕಳು ಕೇಳ್ತಿರೋ ಗೇಮ್ ಕನ್ಸೋಲ್ ತಗೊಂಡ್ರೆ ಎರಡೂ ಆಗುತ್ತಾ?"

"ಎರಡೂ ಆಗುತ್ತೆ" ಎಂದು ಹೇಳಿ ನಾನೇ ಒಮ್ಮೆ ಬೈಸಿಕೊಂಡಿದ್ದೇನೆ.

ಮಾದಾಪುರದಲ್ಲಿರುವ ಅಕ್ಕನಿಗೆ ಹಾಗೆ ಹೇಳಿ, ಮೈಸೂರಿನಿಂದ ಒಂದು ಕನ್ಸೋಲ್ ತರಿಸಿಕೊಟ್ಟಿದ್ದೆ. ಜುಲೈ ತಿಂಗಳು. ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿತ್ತು, ಇನ್‌ವರ್ಟರ್‌ನಲ್ಲಿ ಮನೆ ನಡೆಯುತ್ತಿತ್ತು. ಡಿವಿಡಿ ಹಾಕಿದರೆ, ಮೊದಲು ಇಂಟರ್ನೆಟ್‌ಗೆ ಜೋಡಿಸಿ ಎನ್ನುತ್ತದೆ ಯಂತ್ರ. ಎಲ್ಲಿಂದ ಜೋಡಿಸುವುದು? ಮೊಬೈಲ್ ಸಿಗ್ನಲ್ಲೇ ಇರಲಿಲ್ಲ. ಮೂರನೇ ದಿನ ಸಿಗ್ನಲ್ ಬಂತು, ಫೋನಿನಿಂದ ನೆಟ್ ಕೊಟ್ಟೆ, ಡಿವಿಡಿ ಓಡಿತು. ಆಮೇಲೆ ಅಕ್ಕ ತನ್ನ ಮದುವೆಯ ವಿಸಿಡಿ, ಅಂದರೆ ಸಿಡಿಯಲ್ಲಿ ಹಾಕಿದ ವಿಡಿಯೋ, ತಂದಳು. ವಿಡಿಯೋ ಕ್ಯಾಸೆಟ್‌ನಿಂದ ಅದನ್ನು ಡಿಸ್ಕಿಗೆ ಹಾಕಿಸಿದವನೂ ನಾನೇ. ಒಳಗೆ ತಳ್ಳಿದೆ. ಯಂತ್ರ ಸ್ವಲ್ಪ ಹೊತ್ತು ಗುರ್ ಅಂದು ಸುಮ್ಮನಾಯಿತು. ಈ ಡಿಸ್ಕ್ ಗೊತ್ತಿಲ್ಲವಂತೆ. ಅಕ್ಕ ನನ್ನ ಮುಖ ನೋಡಿದಳು. "ಇಷ್ಟು ವರ್ಷ ಅಂಗಡಿ ಇಟ್ಟವನು ನೀನೇನಾ?" ಭಾವ ಪೇಪರ್‌ನಿಂದ ತಲೆ ಎತ್ತಲಿಲ್ಲ, ಆದರೆ ನಕ್ಕಿದ್ದು ಕೇಳಿಸಿತು.

ತಪ್ಪು ಯಂತ್ರದ್ದಲ್ಲ, ನನ್ನದು. ನನ್ನ ತಲೆಯಲ್ಲಿದ್ದದ್ದು ಹಳೆಯ ಲೆಕ್ಕ. 2006ರಲ್ಲಿ ಪ್ಲೇಸ್ಟೇಷನ್ 3 ಎಂಬ ಕನ್ಸೋಲ್ ಬಂದಾಗ, ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಪ್ಲೇಯರ್‌ಗಳ ಬೆಲೆ ಆಕಾಶದಲ್ಲಿತ್ತು. ಅವುಗಳಲ್ಲಿ ಎಷ್ಟೋ ಪ್ಲೇಯರ್‌ಗಳಿಗಿಂತ ಕನ್ಸೋಲೇ ಅಗ್ಗ, ಹಾಡಿನ ಸಿಡಿಯನ್ನೂ ಓಡಿಸುತ್ತಿತ್ತು. "ಸಿನಿಮಾಗೆ ಕನ್ಸೋಲೇ ಒಳ್ಳೇದು" ಎಂಬ ಮಾತು ಹುಟ್ಟಿದ್ದು ಆಗ. ಮುಂದಿನ ಕನ್ಸೋಲ್‌ಗಳಲ್ಲಿ ಒಂದೊಂದೇ ಸೌಲಭ್ಯ ಕಡಿಮೆಯಾಗುತ್ತಾ ಬಂತು. ನಾನು ಗಮನಿಸಿರಲಿಲ್ಲ.

ಅದಕ್ಕೆ ಈಗ ಯಾರೇ ಕೇಳಿದರೂ, ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿರುವ ಡಿಸ್ಕುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಎನ್ನುತ್ತೇನೆ. ನಾಲ್ಕು ಗುಂಪು ಮಾಡಿ. ಹಾಡಿನ ಸಿಡಿ, ವಿಸಿಡಿ, ಡಿವಿಡಿ, ಬ್ಲೂ-ರೇ. ಒಂದೇ ಸಿನಿಮಾಗೆ ಎರಡು ಮೂರು ಡಿಸ್ಕ್ ಇದ್ದರೆ ಬಹುಪಾಲು ಅದು ವಿಸಿಡಿ, ಒಂದರಲ್ಲಿ ಸುಮಾರು ಒಂದೂಕಾಲು ಗಂಟೆಯಷ್ಟೇ ಹಿಡಿಯುತ್ತಿತ್ತು. ಬ್ಲೂ-ರೇ ಸಾಮಾನ್ಯವಾಗಿ ನೀಲಿ ಡಬ್ಬದಲ್ಲಿರುತ್ತದೆ, ಅದಕ್ಕಿಂತಲೂ ಸ್ಪಷ್ಟ ಚಿತ್ರದ 4ಕೆ ಡಿಸ್ಕ್ ಕಪ್ಪು ಡಬ್ಬದಲ್ಲಿ. ಡಿವಿಡಿಯಲ್ಲಿ 4.7 ಅಥವಾ 8.5 ಜಿಬಿ ಹಿಡಿದರೆ ಬ್ಲೂ-ರೇಯಲ್ಲಿ 25 ಅಥವಾ 50. 4ಕೆ ಡಿಸ್ಕಿನಲ್ಲಿ 100 ಜಿಬಿವರೆಗೂ ಹಿಡಿಯುತ್ತದೆ.

ಈಗ ಯಂತ್ರಗಳ ಕಡೆ ಬನ್ನಿ. ಪ್ಲೇಸ್ಟೇಷನ್ 4 ಡಿವಿಡಿ, ಬ್ಲೂ-ರೇ ಎರಡನ್ನೂ ಓಡಿಸುತ್ತದೆ. 4ಕೆ ಡಿಸ್ಕ್ ಓಡಿಸುವುದಿಲ್ಲ. ಪ್ರೊ ಮಾಡೆಲ್ ಆದರೂ ಅಷ್ಟೆ, "4ಕೆ" ಎಂದು ಡಬ್ಬದ ಮೇಲೆ ಬರೆದದ್ದು ನೋಡಿ ಮೋಸ ಹೋಗಬೇಡಿ. ಪ್ಲೇಸ್ಟೇಷನ್ 5ರಲ್ಲಿ 4ಕೆ ಡಿಸ್ಕ್ ಓಡುತ್ತದೆ, 3ಡಿ ಡಿಸ್ಕ್ ಇಲ್ಲ. ಇವೆರಡರಲ್ಲೂ ಹಾಡಿನ ಸಿಡಿಯಾಗಲಿ ವಿಸಿಡಿಯಾಗಲಿ ಓಡುವುದಿಲ್ಲ. ಎಕ್ಸ್‌ಬಾಕ್ಸ್ ಒನ್ ಎಸ್, ಒನ್ ಎಕ್ಸ್, ಸೀರೀಸ್ ಎಕ್ಸ್ ಮೂರರಲ್ಲೂ, ಡಿಸ್ಕ್ ಹಾಕುವ ಜಾಗ ಇರುವ ಮಾಡೆಲ್ ಆದರೆ, 4ಕೆ ಡಿಸ್ಕ್ ಓಡುತ್ತದೆ, ಹಾಡಿನ ಸಿಡಿಯೂ ಓಡುತ್ತದೆ. ಆದರೆ ಬ್ಲೂ-ರೇ ಆ್ಯಪ್ ಅನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪ್ಲೇಸ್ಟೇಷನ್ 5 ಡಿಜಿಟಲ್ ಎಡಿಷನ್‌ದೂ ಅದೇ ಕಥೆ. 2024ರ ಪ್ಲೇಸ್ಟೇಷನ್ 5 ಪ್ರೊದಲ್ಲೂ ಡ್ರೈವ್ ಕೊಟ್ಟಿಲ್ಲ, ಬೇರೆ ದುಡ್ಡು ಕೊಟ್ಟು ಸಿಕ್ಕಿಸಬೇಕು. ಹಾಗೆ ಸಿಕ್ಕಿಸಿದ ಡ್ರೈವ್‌ಗೂ ಒಮ್ಮೆ ನೆಟ್ ಬೇಕು. ಅಗ್ಗ ಎಂದು ಡ್ರೈವ್ ಇಲ್ಲದ್ದನ್ನು ತಂದು ಆಮೇಲೆ ತಲೆ ಮೇಲೆ ಕೈ ಇಟ್ಟುಕೊಂಡವರನ್ನು ನೋಡಿದ್ದೇನೆ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ಯಾವ ಕನ್ಸೋಲ್ ತಂದರೂ ಮಳೆ ಹಿಡಿಯುವ ಮೊದಲೇ ತನ್ನಿ. ಮೇ ತಿಂಗಳಲ್ಲೇ ನೆಟ್‌ಗೆ ಜೋಡಿಸಿ, ಒಂದು ಡಿವಿಡಿ, ಒಂದು ಬ್ಲೂ-ರೇ ಓಡಿಸಿ ನೋಡಿ ಇಡಿ. ಗೇಮ್ ಡಿಸ್ಕ್ ತಂದರೂ ಅದರ ಅಪ್‌ಡೇಟ್ ಹತ್ತಾರು ಜಿಬಿ ಇರುತ್ತದೆ. ಫೋನಿನ ಡೇಟಾದಲ್ಲಿ ಅದು ಮುಗಿಯುವ ಕೆಲಸವಲ್ಲ. ಬೇರೆ ಪ್ಲೇಯರ್ ಆದರೆ ಈ ರಗಳೆ ಕಡಿಮೆ. ತಂತಿ ಸಿಕ್ಕಿಸು, ಡಿಸ್ಕ್ ಹಾಕು, ಅಷ್ಟೇ.

ಇನ್‌ವರ್ಟರ್ ಲೆಕ್ಕವನ್ನಂತೂ ಮರೆಯಲೇಬೇಡಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 1800 ವಾಟ್-ಅವರ್. ಕೈಗೆ ಸಿಗುವುದು 1000 ಎಂದು ಹಿಡಿಯಿರಿ, ಬ್ಯಾಟರಿ ಹಳೆಯದಾದರೆ ಅದೂ ಇಲ್ಲ. ಬ್ಲೂ-ರೇ ಪ್ಲೇಯರ್ ಎಳೆಯುವುದು ಹೆಚ್ಚೆಂದರೆ 20 ವಾಟ್ ಆಸುಪಾಸು. ಪ್ಲೇಸ್ಟೇಷನ್ 5 ಸಿನಿಮಾ ಓಡಿಸುವಾಗ ಸುಮಾರು 70-80, ದೊಡ್ಡ ಗೇಮ್ ಆಡುವಾಗ 200ರ ಹತ್ತಿರ ಹೋಗುತ್ತದೆ. ಟಿವಿಗೆ 80 ಸೇರಿಸಿ. ಪ್ಲೇಯರ್ ಜೊತೆ ಹತ್ತು ಗಂಟೆ ಬರುವ ಬ್ಯಾಟರಿ ಗೇಮ್ ಆಡಿದರೆ ಮೂರೂವರೆ ಗಂಟೆಗೆ ಕೈಕೊಡುತ್ತದೆ. ಆಮೇಲೆ ಅಡುಗೆಮನೆಗೂ ಕತ್ತಲೆ. ಅಕ್ಕನ ಮನೆಯಲ್ಲಿ ಈಗ ಕರೆಂಟ್ ಹೋದರೆ ಗೇಮ್ ಇಲ್ಲ ಎಂದು ಕಾನೂನೇ ಆಗಿದೆ.

ಕರೆಂಟ್ ಹೋಗಿ ಇನ್‌ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಕನ್ಸೋಲ್ ಆಫ್ ಆಗಿ ಆನ್ ಆದರೆ ಅದರ ಒಳಗಿನ ಫೈಲ್ ಕೆಡಬಹುದು. ಎಷ್ಟೋ ಇನ್‌ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಅದನ್ನು ಹಾಕಿ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಮಾತ್ರ ಯಾವ ಸ್ವಿಚ್ಚೂ ಸಾಲದು. ಪ್ಲಗ್ ಕಿತ್ತಿಡಿ, ನೆಟ್ ತಂತಿಯನ್ನೂ ಕಿತ್ತಿಡಿ.

ರೀಜನ್, ಅಂದರೆ ಯಾವ ಡಿಸ್ಕ್ ಯಾವ ದೇಶದ ಯಂತ್ರದಲ್ಲಿ ಓಡಬೇಕು ಎಂಬ ಬೇಲಿ, ಅದರ ವಿಷಯ ಬೇಗ ಮುಗಿಸುತ್ತೇನೆ. ಭಾರತಕ್ಕೆ ಡಿವಿಡಿಯಲ್ಲಿ 5ನೇ ರೀಜನ್, ಬ್ಲೂ-ರೇಯಲ್ಲಿ ಸಿ. ದುಬೈಯಿಂದ ತಮ್ಮ ತಂದ ಡಿಸ್ಕ್ ಅಲ್ಲಿನ ಡಿವಿಡಿ 2 ಅಥವಾ ಬ್ಲೂ-ರೇ ಬಿ ಆಗಿದ್ದರೆ ಇಲ್ಲಿ ಕೊಂಡ ಕನ್ಸೋಲ್ ಒಪ್ಪುವುದಿಲ್ಲ, ಪ್ಲೇಯರ್ ಕೂಡ ಸಾಮಾನ್ಯವಾಗಿ ಒಪ್ಪುವುದಿಲ್ಲ. ಡಬ್ಬದ ಹಿಂದೆ ಪುಟ್ಟ ಭೂಗೋಳದ ಚಿತ್ರದೊಳಗೆ ಅಂಕಿ ಅಥವಾ ಅಕ್ಷರ ಇರುತ್ತದೆ, ನೋಡಿ. 4ಕೆ ಡಿಸ್ಕಿಗೆ ಈ ಬೇಲಿ ಇಲ್ಲ.

ಹಳೆಯ ಹೋಮ್ ಥಿಯೇಟರ್ ಇದೆಯಾ? ಅದರ ಹಿಂಬದಿ ಒಮ್ಮೆ ನೋಡಿ. ಅದರಲ್ಲಿ ಎಚ್‌ಡಿಎಂಐ ತೂತು ಇಲ್ಲದೆ, ಬೆಳಕಿನ ತಂತಿಯಲ್ಲಿ ಧ್ವನಿ ತರುವ ಆಪ್ಟಿಕಲ್ ತೂತು ಮಾತ್ರ ಇದ್ದರೆ ಪ್ಲೇಸ್ಟೇಷನ್ 5 ಅಥವಾ ಸೀರೀಸ್ ಎಕ್ಸ್ ನೇರವಾಗಿ ಜೋಡಿಸಲಾಗದು, ಅವುಗಳಲ್ಲಿ ಆಪ್ಟಿಕಲ್ ಔಟ್ ಇಲ್ಲ. ಟಿವಿಯ ಆಪ್ಟಿಕಲ್ ಔಟ್‌ನಿಂದ ಸುತ್ತಿಸಿ ತರಬೇಕು.

ಇನ್ನು ರಿಮೋಟ್. ಇದು ಸಣ್ಣ ವಿಷಯ ಅನಿಸಬಹುದು. ಆದರೆ ನನ್ನ ಅಮ್ಮ ಕನ್ಸೋಲಿನ ಕಂಟ್ರೋಲರನ್ನು ಎರಡು ಕೈಯಲ್ಲಿ ಹಿಡಿದು, "ಇದ್ಯಾವುದೋ ಏಡಿ ಇದ್ದ ಹಾಗಿದೆ" ಎಂದು ವಾಪಸ್ ಕೊಟ್ಟರು. ಸಿನಿಮಾ ನಿಲ್ಲಿಸಬೇಕಾದರೆ ಮೊಮ್ಮಗನನ್ನು ಕೂಗಬೇಕು. ಮೊಮ್ಮಗ ಟ್ಯೂಷನ್‌ಗೆ ಹೋಗಿದ್ದರೆ ಸಿನಿಮಾ ಹಾಗೇ ಓಡುತ್ತಿರುತ್ತದೆ. ಕನ್ಸೋಲ್‌ಗೆ ಬೇರೆ ರಿಮೋಟ್ ಸಿಗುತ್ತದೆ, ಎಚ್‌ಡಿಎಂಐ ಮೂಲಕ ಟಿವಿ ರಿಮೋಟ್‌ನಲ್ಲೂ ಒಂದಷ್ಟು ಕೆಲಸ ಆಗುತ್ತದೆ. ಆದರೂ ವಯಸ್ಸಾದವರೇ ಜಾಸ್ತಿ ನೋಡುವ ಮನೆಯಾದರೆ ನಾನು ಎರಡು ಮಾತಿಲ್ಲದೆ ಪ್ಲೇಯರ್ ತಗೊಳ್ಳಿ ಎನ್ನುತ್ತೇನೆ.

ಹಾಗಾದರೆ ಕನ್ಸೋಲ್ ಯಾರಿಗೆ? ಮಕ್ಕಳು ಹೇಗೂ ಗೇಮ್ ಆಡುತ್ತಾರೆ, ಮನೆಯಲ್ಲಿ ಹಳೆಯ ಡಿಸ್ಕ್ ಹತ್ತಿಪ್ಪತ್ತು ಡಿವಿಡಿಯಷ್ಟೇ ಇದೆ, ಫೈಬರ್ ನೆಟ್ ಬಂದಿದೆ ಎಂದಾದರೆ ಡ್ರೈವ್ ಇರುವ ಕನ್ಸೋಲ್ ತಗೊಳ್ಳಿ, ಬೇರೆ ಪ್ಲೇಯರ್ ದಂಡ. ಬರೀ ಸಿನಿಮಾಗೆಂದು ಕನ್ಸೋಲ್ ತರುವುದು ಮಾತ್ರ, ಒಂದು ಮೂಟೆ ಮೆಣಸು ತರಲು ಲಾರಿ ಬಾಡಿಗೆ ಮಾಡಿದ ಹಾಗೆ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗಲೇ ಡ್ರೈವ್ ಇರುವುದಕ್ಕೆ 49,990 ರೂಪಾಯಿ.

ಪ್ಲೇಯರ್ ಬೇಕು ಅನ್ನುವವರು ತುಂಬಾ ತಡ ಮಾಡಬೇಡಿ. ಸ್ಯಾಮ್‌ಸಂಗ್ 2019ರಲ್ಲೇ ಹೊಸ ಬ್ಲೂ-ರೇ ಪ್ಲೇಯರ್ ಮಾಡುವುದನ್ನು ಬಿಟ್ಟಿತು, 2024ರಲ್ಲಿ ಎಲ್‌ಜಿಯೂ ನಿಲ್ಲಿಸಿತು. ಸೋನಿ, ಪ್ಯಾನಾಸೋನಿಕ್ ಉಳಿದಿವೆ. ಕುಶಾಲನಗರದಲ್ಲಿ ಸಿಗದಿದ್ದರೆ ಮೈಸೂರಿಗೇ ಹೋಗಬೇಕು. ಹೋಗುವಾಗ ನಿಮ್ಮ ಒಂದು ವಿಸಿಡಿ, ಒಂದು ಹಾಡಿನ ಸಿಡಿ, ಕಂಪ್ಯೂಟರಿನಲ್ಲಿ ಬರೆಸಿದ ಒಂದು ಡಿವಿಡಿ ಚೀಲದಲ್ಲಿ ಇಟ್ಟುಕೊಳ್ಳಿ. ಎಲ್ಲ ಪ್ಲೇಯರ್‌ಗಳೂ ವಿಸಿಡಿ ಓಡಿಸುವುದಿಲ್ಲ. ಅಂಗಡಿಯಲ್ಲೇ ಹಾಕಿಸಿ ನೋಡಿ, ನಾಚಿಕೆ ಪಡಬೇಡಿ. ನನ್ನ ಅಂಗಡಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಕೊಂಡ ಮೇಲೆ ಶೀತದಿಂದ ಕಾಪಾಡಿ. ಮಳೆಗಾಲದಲ್ಲಿ ತಂಪು ಕೋಣೆಯಿಂದ ಒಲೆಯ ಬಿಸಿ ಇರುವ ಕೋಣೆಗೆ ತಂದ ಯಂತ್ರದ ಲೆನ್ಸ್ ಮೇಲೆ ಹನಿ ಕೂರುತ್ತದೆ. ಡಿಸ್ಕ್ ಹಾಕದೆ ಅರ್ಧ ಗಂಟೆ ಹಾಗೇ ಆನ್ ಮಾಡಿ ಬಿಡಿ. ಡಿಸ್ಕಿನ ಮೇಲೆ ಬೂಷ್ಟು ಬಂದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ.

ಅಕ್ಕನ ವಿಸಿಡಿಗೆ ಕೊನೆಗೆ ದಾರಿ ಸಿಕ್ಕಿದ್ದು ಹಳೆಯ ಲ್ಯಾಪ್‌ಟಾಪಿನಲ್ಲಿ. ಡಿಸ್ಕಿನೊಳಗೆ ಎಂಪೆಗ್‌ಎವಿ ಎಂಬ ಫೋಲ್ಡರ್ ಇರುತ್ತದೆ, ಅದರಲ್ಲಿರುವ ಡ್ಯಾಟ್ ಫೈಲನ್ನು ಕಾಪಿ ಮಾಡಿ ಎಂಪಿ4ಗೆ ಬದಲಿಸಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಈಗ ಟಿವಿಯಲ್ಲೇ ಓಡುತ್ತದೆ. ಆದರೂ ಅಕ್ಕ ಡಿಸ್ಕನ್ನು ಎಸೆದಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದಾಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀತ ಹಿಡಿಯದಿರಲೆಂದು ಅಲ್ಲೊಂದು ಬಲ್ಬ್ ಉರಿಯುತ್ತಲೇ ಇರುತ್ತದೆ.