ಅಗ್ನಿವೀರ್ ತಯಾರಿ: ಯಾವ ತರಬೇತಿಗೆ ಸೇರಬೇಕು?

ಸೇನಾ ಭರ್ತಿಗೆ ತಯಾರಾಗುವ ಹುಡುಗರಿಗೆ ಸಾಮಾನ್ಯವಾಗಿ ಎರಡು ಬಗೆಯ ತರಬೇತಿ ಸಿಗುತ್ತದೆ. ಒಂದರಲ್ಲಿ ದಿನಾ ಏಳೆಂಟು ಕಿಲೋಮೀಟರ್ ಓಟ, ಆಮೇಲೆ ಸುಸ್ತಾಗಿ ಬೀಳುವವರೆಗೆ ದಂಡ, ಬಸ್ಕಿ. ಇನ್ನೊಂದರಲ್ಲಿ ಓಟ ಕಡಿಮೆ, ಆದರೆ ಪ್ರತಿ ಸುತ್ತಿಗೂ ಸ್ಟಾಪ್‌ವಾಚ್. ಜಾಸ್ತಿ ಬೆವರು ಹರಿಸುವುದೇ ಒಳ್ಳೆಯದು ಅಂತ ಸುಮ್ನೆ ಹಣ ಕಟ್ಟಬೇಡಿ.

ಮೊದಲು ನಿಮ್ಮ ಪರೀಕ್ಷೆ ಏನು ಕೇಳುತ್ತದೆ ಅಂತ ಬರೆದುಕೊಳ್ಳಿ. ಭೂಸೇನೆಯ ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. 10 ಪುಲ್‌ಅಪ್ಸ್‌ಗೆ, ಅಂದರೆ ಬೀಮ್ (ಅಡ್ಡ ಕಂಬಿ) ಹಿಡಿದು ಗದ್ದ ಅದರ ಮೇಲೆ ಬರುವಂತೆ ಮೈ ಎತ್ತುವುದಕ್ಕೆ, 40 ಅಂಕ. 9 ಅಡಿ ಗುಂಡಿ ಜಿಗಿಯುವುದು, ಝಿಗ್‌ಝ್ಯಾಗ್ ಬ್ಯಾಲೆನ್ಸ್ (ಅಂಕುಡೊಂಕಾದ ಕಿರಿದಾದ ದಿಮ್ಮಿಯ ಮೇಲೆ ಬೀಳದೆ ನಡೆಯುವುದು) ಎರಡರಲ್ಲೂ ಪಾಸಾದರೆ ಸಾಕು. ಅರೆಸೇನಾ ಪಡೆಗಳ ಜಿಡಿ (ಜನರಲ್ ಡ್ಯೂಟಿ) ಕಾನ್‌ಸ್ಟೆಬಲ್ ಹುದ್ದೆಗೆ ಹುಡುಗರು 24 ನಿಮಿಷದಲ್ಲಿ 5 ಕಿ.ಮೀ. ಓಡಬೇಕು. ಎರಡಕ್ಕೂ ಒಂದೇ ತರಬೇತಿ ಕೊಡುವ ಕಡೆ ಎಚ್ಚರದಿಂದಿರಿ.

ಈಗ ಲೆಕ್ಕ ಹಾಕಿ. 400 ಮೀಟರ್ ಟ್ರ್ಯಾಕಿನಲ್ಲಿ 1.6 ಕಿ.ಮೀ. ಅಂದರೆ 4 ಸುತ್ತು. ಒಂದು ಸುತ್ತಿಗೆ ಸುಮಾರು 82 ಸೆಕೆಂಡ್. ಈ ವೇಗದಲ್ಲಿ ಒಂದು ಸುತ್ತು ಓಡಿಸಿ, ಒಂದೆರಡು ನಿಮಿಷ ನಡೆಸಿ, ಮತ್ತೆ ಓಡಿಸುವ ಅಭ್ಯಾಸ ವಾರಕ್ಕೆ ಎರಡು ಸಲವಾದರೂ ಇದೆಯಾ ಕೇಳಿ. ತಿಂಗಳುಗಟ್ಟಲೆ ನಿಧಾನವಾಗಿಯೇ ಓಡಿದ ಕಾಲಿಗೆ ರ‍್ಯಾಲಿ ದಿನ ದಿಢೀರನೆ ವೇಗ ಬರುವುದಿಲ್ಲ.

ಪುಲ್‌ಅಪ್ಸ್ ಒಂದೂ ಆಗದವರಿಗೆ ಏನು ಹೇಳಿಕೊಡುತ್ತಾರೆ ಅಂತಲೂ ನೋಡಿ. ಸ್ಟೂಲ್ ಹತ್ತಿ ಗದ್ದ ಬೀಮಿಗಿಂತ ಮೇಲಿರುವಂತೆ ಹಿಡಿದು, ನಿಧಾನವಾಗಿ ಕೆಳಗಿಳಿಯುವುದನ್ನು ಕಲಿಸಿದರೆ ಒಳ್ಳೆಯದು. ರ‍್ಯಾಲಿಯಲ್ಲಿ ಬೀಮ್ ಬರುವುದು ಓಟದ ನಂತರ, ಹಾಗಾಗಿ ಆಗಾಗ ಅದೇ ಕ್ರಮದಲ್ಲಿ ಮಾಡಿಸಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಾಲಿನದು. ಒಮ್ಮೆಲೇ ಓಟ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಮೂಳೆಗೆ ಪೆಟ್ಟು. ಮೊದಲು ನೋವು, ಅದರ ಮೇಲೂ ಓಡಿದರೆ ಸಣ್ಣ ಬಿರುಕು. ಅಮೆರಿಕದ ಸೇನೆಯಲ್ಲಿ ಹೊಸಬರ ಓಟದ ದೂರ ತಗ್ಗಿಸಿ ನೋಡಿದ್ದಾರೆ. ಗಾಯ ಕಡಿಮೆಯಾಯಿತು, ಓಟದ ವೇಗ ಹೆಚ್ಚೇನೂ ಕುಗ್ಗಲಿಲ್ಲ. ಆದ್ದರಿಂದ ವಾರದಲ್ಲಿ ರಜೆ ಯಾವತ್ತು, ದೂರವನ್ನು ಹೇಗೆ ಹೆಚ್ಚಿಸುತ್ತಾರೆ ಅಂತ ನೇರವಾಗಿ ಕೇಳಿ. ಹಿಂದಿನ ಬ್ಯಾಚಿನಲ್ಲಿ ಕಾಲು ನೋವಿನಿಂದ ಬಿಟ್ಟುಹೋದವರು ಎಷ್ಟು ಜನ ಅಂತ ಅಲ್ಲಿನ ಹುಡುಗರನ್ನೇ ವಿಚಾರಿಸಿ.

ಸೇರಿದ ಮೇಲೆ ಮೂಳೆಯ ಒಂದೇ ಜಾಗದಲ್ಲಿ ಒತ್ತಿದಾಗ ನೋವಾದರೆ ಓಟ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ‘ನೋವು ಸಹಿಸ್ಕೋ, ಸೈನಿಕ ಆಗ್ಬೇಕಲ್ವಾ’ ಅನ್ನುವ ಕೋಚ್ ಇದ್ದರೆ ಅಲ್ಲಿಂದ ಹೊರಬನ್ನಿ.