ಅಗ್ನಿಶಾಮಕ ತಂಡಗಳ ರಿಲೇ ಓಟ: ನಿಯಮ ರೂಪಿಸುವ ಮತ್ತು ಮುಂದಿನ ಸುತ್ತಿಗೆ ತಂಡಗಳನ್ನು ಆರಿಸುವ ವಿಧಾನ

ಬೆಂಗಳೂರಿನ ಅಗ್ನಿಶಾಮಕ ಠಾಣೆಗಳ ನಡುವೆಯಾಗಲಿ, ಕಾರ್ಖಾನೆಗಳ ಅಗ್ನಿ ಸುರಕ್ಷತಾ ತಂಡಗಳ ನಡುವೆಯಾಗಲಿ ರಿಲೇ ಸ್ಪರ್ಧೆ ಏರ್ಪಡಿಸುವವರು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಯಾವ ತಂಡ ಯಾವ ಆಧಾರದ ಮೇಲೆ ಮುಂದಿನ ಸುತ್ತಿಗೆ ಹೋಗುತ್ತದೆ ಎಂಬುದನ್ನು ಬರೆದಿಟ್ಟು, ಮೊದಲ ಸೀಟಿ ಊದುವ ಮುನ್ನವೇ ಎಲ್ಲ ನಾಯಕರಿಗೂ ಓದಿ ಹೇಳಿ ಸಹಿ ಪಡೆಯಬೇಕು. ಮೈದಾನದಲ್ಲಿ ಏಳುವ ಜಗಳಗಳಲ್ಲಿ ಹೆಚ್ಚಿನವು ಓಟದ ವೇಗಕ್ಕೆ ಸಂಬಂಧಿಸಿದವಲ್ಲ, ಈ ಆಯ್ಕೆಗೆ ಸಂಬಂಧಿಸಿದವು.

ಓಟದ ಸ್ವರೂಪಕ್ಕೆ ಎರಡು ಒಳ್ಳೆಯ ಮಾದರಿಗಳಿವೆ. ಅಂತರರಾಷ್ಟ್ರೀಯ ಅಗ್ನಿಶಾಮಕ ಕ್ರೀಡೆಯ 4×100 ಮೀಟರ್ ರಿಲೇಯಲ್ಲಿ ಬ್ಯಾಟನ್ನಿನ ಬದಲು ಬ್ರಾಂಚ್ ಪೈಪ್ (ಹೋಸಿನ ತುದಿಗೆ ಜೋಡಿಸಿ ನೀರು ಚಿಮ್ಮಿಸುವ ಕೊಳವೆ) ಕೈಯಿಂದ ಕೈಗೆ ಹೋಗುತ್ತದೆ. ಏಣಿ ಹಾಕಿ ಪುಟ್ಟ ಮನೆಯೊಂದನ್ನು ದಾಟುವುದು, 2 ಮೀಟರ್ ಎತ್ತರದ ಗೋಡೆ ಹಾರುವುದು, ತೊಲೆಯ ಮೇಲೆ ನಡೆದು ಹೋಸ್ ಜೋಡಿಸುವುದು, ಕೊನೆಗೆ ಉರಿಯುವ ತಟ್ಟೆಯನ್ನು ನಂದಿಸುವುದು ಹೀಗೆ ಕೆಲಸಗಳು ನಾಲ್ವರಿಗೆ ಹಂಚಿಹೋಗಿರುತ್ತವೆ. 1991ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಾಂಬ್ಯಾಟ್ ಚಾಲೆಂಜ್ ಇನ್ನೊಂದು ಮಾದರಿ. ಇದರಲ್ಲಿ ಐದು ಅಂತಸ್ತಿನ ಗೋಪುರಕ್ಕೆ ಸುಮಾರು 19 ಕೆ.ಜಿ. ತೂಕದ ಹೋಸ್ ಹೊತ್ತು ಹತ್ತುವುದರಿಂದ ಹಿಡಿದು ಸುಮಾರು 79 ಕೆ.ಜಿ.ಯ ಗೊಂಬೆಯನ್ನು ಎಳೆದೊಯ್ಯುವವರೆಗಿನ ಕೆಲಸಗಳಿವೆ. ಹೊಸದಾಗಿ ಸ್ಪರ್ಧೆ ನಡೆಸುವವರಿಗೆ ನನ್ನ ಸಲಹೆ ಮೊದಲ ಮಾದರಿಯೇ, ಏಕೆಂದರೆ ಅದಕ್ಕೆ ಗೋಪುರ ಬೇಕಿಲ್ಲ, ಸಾಧಾರಣ ಮೈದಾನ ಸಾಕು.

ಕೈ ಬದಲಾಯಿಸುವ ವಲಯವನ್ನು ಸುಣ್ಣದ ಗೆರೆಯಿಂದ ಸ್ಪಷ್ಟವಾಗಿ ಗುರುತಿಸಬೇಕು. ಅಥ್ಲೆಟಿಕ್ಸ್‌ನ 4×100 ರಿಲೇಯಲ್ಲಿ ಇದು 30 ಮೀಟರ್ ಇರುತ್ತದೆ. ಬೂಟು, ಕೋಟು, ಹೆಲ್ಮೆಟ್ ತೊಟ್ಟು ಓಡುವವರಿಗೆ 20 ಮೀಟರ್ ಸಾಕೆಂಬುದು ನನ್ನ ಅಭಿಪ್ರಾಯ. ಓಟಗಾರನ ಕಾಲು ಎಲ್ಲಿದೆ ಎಂಬುದನ್ನಲ್ಲ, ಬ್ರಾಂಚ್ ಪೈಪ್ ಎಲ್ಲಿ ಕೈ ಬದಲಾಯಿತು ಎಂಬುದನ್ನು ತೀರ್ಪುಗಾರರು ನೋಡಬೇಕು. ಅದು ಕೆಳಗೆ ಬಿದ್ದರೆ ಬೀಳಿಸಿದವನೇ ಎತ್ತಿಕೊಳ್ಳಬೇಕು.

ಮೂರನೆಯ ಹಂತದ ಹೋಸ್ ಜೋಡಣೆಗೆ ಪ್ರತ್ಯೇಕ ತೀರ್ಪುಗಾರರಿರಲೇಬೇಕು. ನಮ್ಮಲ್ಲಿ ಬಳಕೆಯಲ್ಲಿರುವ, ಒತ್ತಿದೊಡನೆ ಕೂಡಿಕೊಳ್ಳುವ ಇನ್‌ಸ್ಟಂಟೇನಿಯಸ್ ಕಪ್ಲಿಂಗಿನಲ್ಲಿ ಹೋಸಿನ ‘ಮೇಲ್’ ತುದಿ (male, ಒಳಗೆ ಸೇರುವ ತುದಿ) ಪಂಪಿನ ಡೆಲಿವರಿಗೆ, ಅಂದರೆ ನೀರು ಹೊರಬರುವ ಬಾಯಿಗೆ ಹೋಗುತ್ತದೆ, ಬ್ರಾಂಚ್ ಪೈಪಿನ ‘ಮೇಲ್’ ತುದಿ ಹೋಸಿನ ‘ಫೀಮೇಲ್’ ತುದಿಯೊಳಗೆ (female, ಒಳಗೆ ಸೇರಿಸಿಕೊಳ್ಳುವ ತುದಿ) ಕೂರುತ್ತದೆ. ನೇರವಾಗಿ ಒತ್ತಿದಾಗ ಎರಡೂ ಬದಿಯ ಲಗ್ಗುಗಳು (ಹಿಡಿಕೊಕ್ಕೆಗಳು) ‘ಟಕ್’ ಎಂದು ಹಿಡಿದುಕೊಳ್ಳುತ್ತವೆ. ಆತುರದಲ್ಲಿ ಓರೆಯಾಗಿ ಒತ್ತಿದರೆ ಒಂದು ಬದಿಯಷ್ಟೇ ಕಚ್ಚಿ, ನೋಡುವವರಿಗೆ ಜೋಡಣೆ ಮುಗಿದಂತೆಯೇ ಕಾಣುತ್ತದೆ. ಹೀಗಾಗಿ ತೀರ್ಪುಗಾರರು ಕಣ್ಣಳತೆಯನ್ನು ನಂಬದೆ, ಓಟಗಾರ ಮುಂದೆ ಹೋದ ಕೂಡಲೇ ಕಪ್ಲಿಂಗನ್ನು ಕೈಯಿಂದ ಒಮ್ಮೆ ಜಗ್ಗಿ ನೋಡಬೇಕು. ಕಳಚಿಕೊಂಡರೆ ದಂಡ ಬೀಳಲಿ. ಇಂತಹ ತಾಂತ್ರಿಕ ತಪ್ಪುಗಳಿಗೆ ತಲಾ 5 ಸೆಕೆಂಡಿನಂತೆ ಸಮಯ ಸೇರಿಸುವುದು ಸೂಕ್ತ. ಆದರೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಏಣಿ ಹತ್ತುವುದು, ಪಕ್ಕದ ಲೇನಿನವರಿಗೆ ಅಡ್ಡ ಬರುವುದು ಇಂತಹವುಗಳಿಗೆ ಅನರ್ಹತೆಯೇ ಆಗಬೇಕು, ಏಕೆಂದರೆ ಸುರಕ್ಷತೆಯನ್ನು ಸೆಕೆಂಡುಗಳ ಲೆಕ್ಕದಲ್ಲಿ ಕೊಂಡುಕೊಳ್ಳಲು ಯಾರಿಗೂ ಅವಕಾಶವಿರಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. 12 ತಂಡಗಳಿವೆ, ಸಲಕರಣೆ ಎರಡು ಲೇನಿಗಷ್ಟೇ ಇದೆ ಎಂದುಕೊಳ್ಳಿ. ಆಗ ಆರು ಹೀಟ್ಸ್, ಅಂದರೆ ಮೊದಲ ಸುತ್ತಿನ ಆರು ಓಟಗಳು ಆಗುತ್ತವೆ. ಗೆದ್ದವರಷ್ಟೇ ಮುಂದಕ್ಕೆ ಎಂಬ ನಿಯಮ ಮಾಡಿದರೆ, ಚೀಟಿ ಎತ್ತಿದಾಗ ಅತಿ ವೇಗದ ಎರಡು ತಂಡಗಳು ಒಂದೇ ಹೀಟ್‌ಗೆ ಬಿದ್ದು, ಅವುಗಳಲ್ಲೊಂದು ಬೆಳಗ್ಗೆಯೇ ಮನೆಗೆ ಹೋಗಬೇಕಾಗುತ್ತದೆ. ತಿಂಗಳುಗಟ್ಟಲೆ ಪಾಳಿ ಮುಗಿಸಿ ಅಭ್ಯಾಸ ಮಾಡಿದವರಿಗೆ ಇದು ಅನ್ಯಾಯ. ಆದ್ದರಿಂದ ಮೊದಲ ಸುತ್ತಿನಲ್ಲಿ ಸೋಲು ಗೆಲುವನ್ನು ಬದಿಗಿಟ್ಟು, ದಂಡದ ಸೆಕೆಂಡುಗಳನ್ನೂ ಸೇರಿಸಿದ ಒಟ್ಟು ಸಮಯದ ಮೇಲೆ 12 ತಂಡಗಳನ್ನೂ ಕ್ರಮವಾಗಿ ಜೋಡಿಸಿ, ಮೊದಲ 8 ತಂಡಗಳನ್ನು ನಾಕೌಟ್‌ಗೆ ತೆಗೆದುಕೊಳ್ಳಬೇಕು. ನಾಕೌಟ್‌ನಲ್ಲಿ ಒಂದನೆಯವರಿಗೆ ಎಂಟನೆಯವರು, ನಾಲ್ಕನೆಯವರಿಗೆ ಐದನೆಯವರು ಎದುರಾಗಿ, ಆ ಎರಡರಲ್ಲಿ ಗೆದ್ದವರು ಸೆಮಿಫೈನಲ್‌ನಲ್ಲಿ ಸೆಣಸುತ್ತಾರೆ. ಪಟ್ಟಿಯ ಇನ್ನೊಂದು ಬದಿಯಲ್ಲಿ ಎರಡನೆಯವರಿಗೆ ಏಳನೆಯವರು, ಮೂರನೆಯವರಿಗೆ ಆರನೆಯವರು. ಇಲ್ಲಿಂದ ಮುಂದೆ ಹಳೆಯ ಸಮಯಕ್ಕೆ ಬೆಲೆಯಿಲ್ಲ, ದಂಡ ಸೇರಿಸಿದ ಮೇಲೂ ಆ ಓಟದಲ್ಲಿ ಮುಂದಿರುವ ತಂಡವೇ ಗೆದ್ದಂತೆ.

ಸಮಯವೇ ಆಧಾರವಾದಾಗ ಅದನ್ನು ಅಳೆಯುವುದರಲ್ಲಿ ಸಡಿಲ ಕೂಡದು. ಒಂದೊಂದು ಲೇನಿಗೂ ಮೂರು ಸ್ಟಾಪ್‌ವಾಚ್ ಇರಲಿ. ಎರಡು ಒಂದೇ ಸಮಯ ತೋರಿಸಿದರೆ ಅದನ್ನೇ, ಮೂರೂ ಬೇರೆಯಾದರೆ ನಡುವಿನದನ್ನು ತೆಗೆದುಕೊಳ್ಳುವುದು ಅಥ್ಲೆಟಿಕ್ಸ್‌ನ ಪದ್ಧತಿ. ಎಂಟನೆಯ ಸ್ಥಾನಕ್ಕೆ ಎರಡು ತಂಡಗಳ ಸಮಯ ಸಮವಾದರೆ ಕಡಿಮೆ ದಂಡವಿರುವ ತಂಡ ಮುಂದೆ ಹೋಗಲಿ, ಅದೂ ಸಮವಾದರೆ ಮರು ಓಟ ನಡೆಯಲಿ. ಚೀಟಿ ಎತ್ತುವುದು ಬೇಡ.

ಬೆಂಗಳೂರಿನಲ್ಲಿ ಇನ್ನೆರಡು ನಿಯಮ ಅಗತ್ಯ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಆ ದಿನದಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ, ಸ್ಪರ್ಧೆಗಳಿಗೆ ಒಪ್ಪುವ ಕಾಲವೂ ಅದೇ. ಆದರೆ ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಮಳೆ ಸುರಿಯುವ ದಿನಗಳೂ ಅವೇ. ಮೂರು ಹೀಟ್ಸ್ ಒಣ ನೆಲದಲ್ಲಿ, ಮೂರು ಕೆಸರಿನಲ್ಲಿ ನಡೆದರೆ ಸಮಯಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಹಾಗಾದಾಗ ಆರೂ ಹೀಟ್ಸನ್ನು ಮತ್ತೆ ನಡೆಸಬೇಕು, ಸಮಯವಿಲ್ಲದಿದ್ದರೆ ಒಣ ನೆಲದ ಗುಂಪಿನಿಂದ 4, ಒದ್ದೆ ನೆಲದ ಗುಂಪಿನಿಂದ 4 ತಂಡಗಳನ್ನು ಆರಿಸಬೇಕು. ಎರಡನೆಯದು, ಓಟದ ನಡುವೆ ಯಾವುದಾದರೂ ಠಾಣೆಗೆ ಫೈರ್ ಕಾಲ್ ಬಂದರೆ ತಂಡ ಹೊರಟುಬಿಡಬೇಕು, ಅದಕ್ಕೆ ಗೈರು ಹಾಕಬಾರದು. ಅದರ ಸರದಿಯನ್ನು ಆ ಸುತ್ತಿನ ಕೊನೆಗೆ ಇಟ್ಟು ಕಾಯಬೇಕು, ಕಾಯಲಾಗದಿದ್ದರೆ ಇನ್ನೊಂದು ದಿನ ಓಡಿಸಿ ಆಮೇಲೆಯೇ ಪಟ್ಟಿ ಪ್ರಕಟಿಸಬೇಕು.

ಆಕ್ಷೇಪಣೆಯನ್ನು ತಂಡದ ನಾಯಕನೊಬ್ಬನೇ, ಫಲಿತಾಂಶ ಘೋಷಿಸಿದ 30 ನಿಮಿಷಗಳೊಳಗೆ, ಬರಹದಲ್ಲಿ ಕೊಡಬೇಕು. ಅದು ಇತ್ಯರ್ಥವಾಗುವವರೆಗೆ ಮುಂದಿನ ಸುತ್ತನ್ನು ಆರಂಭಿಸಬಾರದು.