ಪುಡಿ ಆಂಟಿಬಯಾಟಿಕ್ ಸಿರಪ್ ಕಲಸುವಾಗ

ಮಕ್ಕಳಿಗೆ ಡಾಕ್ಟರ್ ಬರೆದುಕೊಟ್ಟ ಪುಡಿ ಆಂಟಿಬಯಾಟಿಕ್ ಸಿರಪ್‌ಗೆ ನೀರನ್ನು ಒಂದೇ ಸಲ ಸುರಿಯಬೇಡಿ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಿ. ಕುದಿಸಿ ಆರಿಸಿದ ನೀರು ಅರ್ಧದಷ್ಟು ಹಾಕಿ, ಚೆನ್ನಾಗಿ ಕುಲುಕಿ. ನೊರೆ ಇಳಿದ ಮೇಲೆ ಬಾಟಲಿಯಲ್ಲಿ ಗುರುತು ಮಾಡಿರುವ ಗೆರೆಯವರೆಗೆ ತುಂಬಿಸಿ, ಮತ್ತೆ ಕುಲುಕಿ. ಒಟ್ಟಿಗೆ ಹಾಕಿದರೆ ಪುಡಿ ತಳದಲ್ಲಿ ಗಂಟು ಕಟ್ಟುತ್ತದೆ, ನೊರೆಯಿಂದ ಗೆರೆಯ ಲೆಕ್ಕವೂ ತಪ್ಪುತ್ತದೆ. ಪ್ರತಿ ಸಲ ಕೊಡುವ ಮುಂಚೆಯೂ ಕುಲುಕಲೇಬೇಕು. ಇಲ್ಲದಿದ್ದರೆ ಶುರುವಿನಲ್ಲಿ ಔಷಧಿ ಕಡಿಮೆ, ಕೊನೆಗೆ ಜಾಸ್ತಿ ಹೋಗುತ್ತದೆ. ಲೇಬಲ್‌ನಲ್ಲಿ ಇಂತಿಷ್ಟು ಎಂ.ಎಲ್. ನೀರು ಅಂತ ಇದ್ದರೆ ಗೆರೆ ನಂಬಬೇಡಿ, ಅಳೆದೇ ಹಾಕಿ. ಕಲಸಿದ ತಾರೀಖು ಬಾಟಲಿ ಮೇಲೆ ಬರೆದಿಡಿ. ಹೆಚ್ಚಿನವಕ್ಕೆ 7ರಿಂದ 14 ದಿನವಷ್ಟೇ ಆಯಸ್ಸು. ಹಾಗಂತ ಎಲ್ಲವನ್ನೂ ಸುಮ್ನೆ ಫ್ರಿಜ್‌ಗೆ ತಳ್ಳಬೇಡಿ, ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯಾಟಿಕ್ ಅಲ್ಲಿ ಗಟ್ಟಿಯಾಗುತ್ತದೆ.